ಸಮಾಜಶಾಸ್ತ್ರ ಹೊಸದಾಗಿ ಓದಲು ಹೊರಟಿದ್ದೇನೆ, ಈ ಒಂದು ತಿಂಗಳು ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ಪ್ರಥಮ ಪಿಯುಸಿ ಕಲಾ ವಿಭಾಗಕ್ಕೆ ಸೇರಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತಗೊಂಡಿದ್ದೇನೆ. ಕಾಲೇಜು ಶುರುವಾಗಲು ಇನ್ನೂ ಒಂದು ತಿಂಗಳಿದೆ. ಬೇರೆ ಮೂರು ವಿಷಯ ಹೇಗಿರುತ್ತವೆ ಅಂತ ಅಂದಾಜಿದೆ. ಸಮಾಜಶಾಸ್ತ್ರ ಮಾತ್ರ ಏನು ಅಂತಲೇ ಗೊತ್ತಾಗುತ್ತಿಲ್ಲ. ಅಕ್ಕನ ಗೆಳತಿ "ಅದು ಬಹಳ ಸುಲಭ, ತಲೆಗೆ ತೋಚಿದ್ದು ಬರೆದರೂ ಅಂಕ ಬೀಳುತ್ತೆ" ಅಂದಳು. ನಮ್ಮ ಸೋದರಮಾವ "ಅದನ್ನು ಓದಿ ಮುಂದೇನು ಮಾಡ್ತಿ" ಅಂತಾರೆ. ಈಗಲೇ ಗೈಡ್ ತಂದು ಓದಲು ಶುರು ಮಾಡಲಾ? ಹೇಗೆ ತಯಾರಾಗಲಿ?

ಉತ್ತರ: ಗೈಡ್ ಈಗ ತರಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಈ ವಿಷಯ ಪಾಠ ಮಾಡುತ್ತಿದ್ದೇನೆ. ಜೂನ್‌ನಲ್ಲೇ ಗೈಡ್ ಹಿಡಿದುಕೊಂಡು ಬರುವ ಮಕ್ಕಳಿಗೆ ವ್ಯಾಖ್ಯೆಗಳು ಬಾಯಿಪಾಠ ಆಗಿರುತ್ತವೆ. ಆದರೆ ಆ ವ್ಯಾಖ್ಯೆ ಯಾವುದರ ಬಗ್ಗೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ನಿನ್ನನ್ನು 'ನೀನು' ಅಂತಲೇ ಕರೆಯುತ್ತೇನೆ. ಕ್ಲಾಸಿನಲ್ಲಿ ನನ್ನ ಮಕ್ಕಳನ್ನು ಕರೆಯುವುದೂ ಹಾಗೇ.

ಅಕ್ಕನ ಗೆಳತಿ ಸುಳ್ಳೇನೂ ಹೇಳಿಲ್ಲ. ಮೊದಲ ವಾರ ಇದು ನಿಜಕ್ಕೂ ಸುಲಭ ಅನ್ನಿಸುತ್ತದೆ. ಕುಟುಂಬ, ಮದುವೆ, ಜಾತಿ, ಹಳ್ಳಿ, ಸಂತೆ, ಎಲ್ಲಾ ಹುಟ್ಟಿದಾಗಿನಿಂದ ನೋಡಿದ್ದೇ ಅಲ್ವಾ? ರಸಾಯನಶಾಸ್ತ್ರ ಓದಲು ಹೋಗುವ ಹುಡುಗನಿಗೆ ಪರಮಾಣು ತನಗೆ ಗೊತ್ತಿಲ್ಲ ಅನ್ನುವುದಾದರೂ ಗೊತ್ತಿರುತ್ತದೆ. ನಮಗೆ ಆ ಅನುಕೂಲ ಇಲ್ಲ. ಎಲ್ಲಾ ಗೊತ್ತು ಅಂದುಕೊಂಡೇ ಕ್ಲಾಸಿನ ಒಳಗೆ ಬರುತ್ತೇವೆ. ಈ ತಿಂಗಳು ನೀನು ಮಾಡಬೇಕಾದ ತಯಾರಿ ಒಂದೇ. ಗೊತ್ತಿರುವುದನ್ನು ಗೊತ್ತಿಲ್ಲದವಳ ಹಾಗೆ ನೋಡುವುದು.

ನಿನ್ನ ಸೋದರಮಾವನಿಂದಲೇ ಶುರು ಮಾಡೋಣ. ಅವ್ವನ ಅಣ್ಣ ತಮ್ಮಂದಿರನ್ನು ನೀನು ಮಾವ ಅಂತ ಕರೆಯುತ್ತೀಯ. ನಾಳೆ ಮದುವೆಯಾದರೆ ಗಂಡನ ತಂದೆಯನ್ನೂ ಮಾವ ಅಂತಲೇ ಕರೆಯುತ್ತೀಯ. ಅಪ್ಪನ ಅಕ್ಕ ತಂಗಿಯರು ಅತ್ತೆ, ಗಂಡನ ತಾಯಿಯೂ ಅತ್ತೆ. ಇದು ಯಾಕೆ ಹೀಗೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀಯಾ? ಹಿಂದಿಯಲ್ಲಿ ಹೀಗಿಲ್ಲ. ಅಲ್ಲಿ ಅಪ್ಪನ ತಂಗಿ ಬುಆ, ಗಂಡನ ತಾಯಿ ಸಾಸ್. ಅವ್ವನ ತಮ್ಮ ಮಾಮಾ, ಗಂಡನ ತಂದೆ ಸಸುರ್. ಬೇರೆ ಬೇರೆ ಜನ, ಬೇರೆ ಬೇರೆ ಪದ. ನಮ್ಮಲ್ಲಿ ಒಂದೇ ಪದ ಇದೆ ಅಂದರೆ, ಒಂದು ಕಾಲಕ್ಕೆ ಆ ಇಬ್ಬರೂ ಒಬ್ಬರೇ ಆಗಿರುವುದು ಸಾಮಾನ್ಯವಾಗಿತ್ತು ಅಂತ ಅರ್ಥ. ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದರೆ ಮಾವ ಮಾವನಾಗಿಯೇ ಉಳಿಯುತ್ತಾನೆ, ಅತ್ತೆ ಅತ್ತೆಯಾಗಿಯೇ ಉಳಿಯುತ್ತಾಳೆ. ಅದೇ ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ. ಅವನ ಜೊತೆ ಮದುವೆ ಮಾತೇ ಇಲ್ಲ. ರಕ್ತಸಂಬಂಧ ಲೆಕ್ಕ ಹಾಕಿದರೆ ಚಿಕ್ಕಪ್ಪನ ಮಗನೂ ಸೋದರಮಾವನ ಮಗನೂ ನಿನಗೆ ಅಷ್ಟೇ ಹತ್ತಿರ. ಆದರೂ ಒಬ್ಬ ಅಣ್ಣ, ಇನ್ನೊಬ್ಬ ವರಸೆಯವನು. ಇನ್ನು ಪಕ್ಕದ ಮುಸ್ಲಿಂ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳ ನಡುವೆಯೂ ಮದುವೆ ಆಗಬಹುದು. ಹಾಗಾದರೆ ಯಾರು ಅಣ್ಣ, ಯಾರು ವರ ಅನ್ನುವುದನ್ನು ನಿರ್ಧರಿಸುವುದು ರಕ್ತ ಒಂದೇ ಅಲ್ಲ. ಅದನ್ನು ಸಮಾಜ ಕಟ್ಟುತ್ತದೆ.

ಇರಾವತಿ ಕರ್ವೆ ಅಂತ ಒಬ್ಬ ದೊಡ್ಡ ವಿದ್ವಾಂಸೆ ಇದ್ದರು. ಭಾರತವನ್ನೆಲ್ಲಾ ಸುತ್ತಿ, ಇಂಥ ನಂಟಿನ ಪದಗಳನ್ನು ಕೂಡಿಸಿ, 1953ರಲ್ಲಿ ದೇಶದ ಬಂಧುತ್ವದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಉತ್ತರದಲ್ಲಿ ಮಗಳನ್ನು ಗುರುತಿಲ್ಲದ ದೂರದ ಊರಿಗೆ ಕೊಡುತ್ತಾರೆ, ದಕ್ಷಿಣದಲ್ಲಿ ಗೊತ್ತಿರುವ ಮನೆಗೇ ಕೊಡುತ್ತಾರೆ, ಇದರಿಂದ ಸೊಸೆಯ ಬದುಕೇ ಬೇರೆಯಾಗುತ್ತದೆ ಅಂತ ಅವರು ತೋರಿಸಿದರು. ನಿನ್ನ ಬಾಯಲ್ಲಿ ದಿನಾ ಬರುವ ಎರಡು ಪದಗಳ ಹಿಂದೆ ಇಷ್ಟು ಇದೆ. ಸಮಾಜಶಾಸ್ತ್ರ ಅಂದರೆ ಏನು ಅಂತ ಕೇಳಿದೆಯಲ್ಲ, ಇದೇ ಅದು.

ಇದರ ಇನ್ನೊಂದು ಮುಖವನ್ನೂ ಈಗಲೇ ತಿಳಿದುಕೊಂಡರೆ ಒಳ್ಳೆಯದು. ಸಿ. ರೈಟ್ ಮಿಲ್ಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1959ರಲ್ಲಿ ಒಂದು ಮಾತು ಹೇಳಿದರು. ಒಂದು ಲಕ್ಷ ಜನರ ಊರಿನಲ್ಲಿ ಒಬ್ಬನಿಗೆ ಕೆಲಸ ಇಲ್ಲ ಅಂದರೆ ಅದು ಅವನ ತೊಂದರೆ. ಐದು ಕೋಟಿ ದುಡಿಯುವವರಿರುವ ದೇಶದಲ್ಲಿ ಒಂದೂವರೆ ಕೋಟಿ ಜನರಿಗೆ ಕೆಲಸ ಇಲ್ಲ ಅಂದರೆ ಅದು ಅವರವರ ಹಣೆಬರಹ ಅಲ್ಲ. ಇದನ್ನು ನಮ್ಮ ಕಡೆಗೆ ತಂದು ನೋಡು. ನಿಮ್ಮೂರಿನಲ್ಲಿ ಒಕ್ಕಲುತನ ಮಾಡುವ ಒಬ್ಬ ಹುಡುಗನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ ಅಂದರೆ ಜನ ಅವನ ಜಾತಕ ನೋಡುತ್ತಾರೆ, ಸ್ವಭಾವ ನೋಡುತ್ತಾರೆ. ಆದರೆ ಸುತ್ತಲಿನ ಊರಲ್ಲೂ ಅಂಥವರು ಹತ್ತು ಹದಿನೈದು ಜನ ಇದ್ದರೆ? 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಅಂತ ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದನ್ನು ನೋಡಿ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಭ್ರೂಣ ಹತ್ಯೆಯಿಂದ ಹುಟ್ಟದೇ ಹೋದ ಹೆಣ್ಣುಮಕ್ಕಳು, ಪಾಲಾಗುತ್ತಾ ಹೋದ ಜಮೀನು, ಓದಿದ ಹುಡುಗಿಯರಿಗೆ ಹೊಲದ ದುಡಿಮೆಯ ಮನೆ ಬೇಡವಾದದ್ದು, ನಂಬಿಕೆ ಇಡಲಾಗದ ಬೆಲೆ, ಮಳೆ. ಒಬ್ಬ ಹುಡುಗನ ಜಾತಕದಲ್ಲಿ ಇದ್ಯಾವುದೂ ಬರೆದಿರುವುದಿಲ್ಲ.

ಈಗ ಪದಗಳ ವಿಷಯ. ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಇಲ್ಲಿ ಒಂದು ತೊಡಕಿದೆ. ಯಾರೂ ಮೊದಲೇ ಹೇಳುವುದಿಲ್ಲ. ಪಾರಿಭಾಷಿಕ ಪದಗಳು ಕಷ್ಟದವು ಅಂತಲ್ಲ, ಬಹಳ ಪರಿಚಯದವು. ಅದೇ ತೊಡಕು. ನಿಮ್ಮ ಕಡೆ "ನಮ್ಮ ಸಮಾಜದ ಕಲ್ಯಾಣ ಮಂಟಪ" ಅಂದರೆ ನಮ್ಮ ಜಾತಿಯವರದ್ದು ಅಂತ ಅರ್ಥ. "ಅವರು ಯಾವ ಸಮುದಾಯ" ಅಂದರೂ ಜಾತಿಯೇ. ಪಠ್ಯದಲ್ಲಿ ಸಮಾಜ ಅಂದರೆ ಜನರ ನಡುವಿನ ಸಂಬಂಧಗಳ ಇಡೀ ಜಾಲ. ಸಮುದಾಯ ಅಂದರೆ ಒಂದು ನೆಲೆಯಲ್ಲಿ ನಾವೆಲ್ಲಾ ಒಂದು ಅನ್ನುವ ಭಾವನೆಯಿಂದ ಬದುಕುವ ಜನ. ಹಳ್ಳಿ ಒಂದು ಸಮುದಾಯ. ಸಂಸ್ಥೆ ಅಂದ ಕೂಡಲೇ ನಮಗೆ ಕಟ್ಟಡ, ಬೋರ್ಡು, ಕಾರ್ಯದರ್ಶಿ ಕಣ್ಣಿಗೆ ಬರುತ್ತಾರೆ. ಸಮಾಜಶಾಸ್ತ್ರದಲ್ಲಿ ಮದುವೆಯೇ ಒಂದು ಸಂಸ್ಥೆ, ಯಾಕೆಂದರೆ ಅದು ತಲೆಮಾರುಗಳಿಂದ ಗಟ್ಟಿಯಾದ ನಡವಳಿಕೆಯ ಕಟ್ಟು. "ಅವನಿಗೆ ಸಂಸ್ಕೃತಿಯೇ ಇಲ್ಲ" ಅಂತ ಬೈಯುತ್ತೇವೆ. ಪಠ್ಯದ ಪ್ರಕಾರ ಸಂಸ್ಕೃತಿ ಇಲ್ಲದ ಮನುಷ್ಯ ಭೂಮಿಯ ಮೇಲೇ ಇಲ್ಲ. ಉಣ್ಣುವ ರೀತಿ, ಬೈಯುವ ರೀತಿ, ಅಳುವ ರೀತಿ ಎಲ್ಲಾ ಸಂಸ್ಕೃತಿಯೇ. ಜಾತಿ, ವರ್ಣ, ವರ್ಗ ಈ ಮೂರನ್ನು ಒಂದರ ಬದಲು ಇನ್ನೊಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ವರ್ಗ ಅಂದರೆ ಮುಖ್ಯವಾಗಿ ಆಸ್ತಿ, ಆದಾಯ, ದುಡಿಮೆಯಿಂದ ಬರುವ ಸ್ಥಾನ. ಜಾತಿ ಹುಟ್ಟಿನಿಂದ ಬರುವುದು. ಒಂದೇ ಜಾತಿಯೊಳಗೆ ಜಮೀನ್ದಾರನೂ ಇರುತ್ತಾನೆ, ಕೂಲಿಯವನೂ ಇರುತ್ತಾನೆ. ವರ್ಣ ಅನ್ನುವುದು ಗ್ರಂಥದ ನಾಲ್ಕು ಪಾಲಿನ ಲೆಕ್ಕ. ಊರಲ್ಲಿ ಕಾಣುವುದು ಜಾತಿ, ಅವು ನಾಲ್ಕಲ್ಲ, ಸಾವಿರಾರು.

ಹಾಗಾಗಿ ಒಂದು ನೋಟ್‌ಬುಕ್ ತಗೋ. ಪುಟದ ಎಡಕ್ಕೆ ಪದ ಬರೆದು, ಅದರ ಮುಂದೆ ನಿಮ್ಮ ಮನೆಯಲ್ಲಿ ಅದಕ್ಕೆ ಏನು ಅರ್ಥ ಅಂತ ಬರೆ. ಪಠ್ಯದ ಅರ್ಥಕ್ಕೆ ಜಾಗ ಖಾಲಿ ಬಿಡು. ಕಾಲೇಜು ಶುರುವಾದ ಮೇಲೆ ತುಂಬಿಸು. ಎರಡೂ ಅಕ್ಕಪಕ್ಕ ಇದ್ದರೆ ಗೊಂದಲ ಆಗುವುದಿಲ್ಲ.

ಅದೇ ನೋಟ್‌ಬುಕ್ಕಿನಲ್ಲಿ ನಿಮ್ಮೂರಿನ ನಕ್ಷೆ ಬಿಡಿಸು. ಬಸ್ ನಿಲ್ದಾಣ, ಗುಡಿ, ಮಸೀದಿ, ಶಾಲೆ, ಕೆರೆ, ಬಾವಿ, ನಳ, ಹೋಟೆಲು, ಪಂಚಾಯ್ತಿ ಕಟ್ಟೆ, ಸ್ಮಶಾನ. ಆಮೇಲೆ ಓಣಿಗಳ ಹೆಸರು ಬರೆ. ನಮ್ಮ ಕ್ಲಾಸಿನಲ್ಲಿ ಒಂದು ವರ್ಷ ಒಬ್ಬ ಹುಡುಗ ಎದ್ದು ನಿಂತು "ನಮ್ಮೂರಲ್ಲಿ ಜಾತಿಗೀತಿ ಏನೂ ಇಲ್ಲ ಮೇಡಂ, ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದೇವೆ" ಅಂದ. ಅವನು ಪ್ರಾಮಾಣಿಕವಾಗಿಯೇ ಹೇಳಿದ್ದ. ನಕ್ಷೆ ಬಿಡಿಸಿಕೊಂಡು ಬಾ ಅಂದೆ. ಮರುದಿನ ತಂದ. ಅರ್ಧಕ್ಕರ್ಧ ಓಣಿಗಳಿಗೆ ಜಾತಿಯ ಹೆಸರೇ ಇತ್ತು. ಒಂದು ಕೇರಿ ಮಾತ್ರ ಹಳ್ಳದ ಆಚೆ ಇತ್ತು. ಸ್ಮಶಾನಗಳು ಮೂರಿದ್ದವು. ಅವನೇ ಬಿಡಿಸಿದ ನಕ್ಷೆ. ಆ ಹಾಳೆಯನ್ನು ಅವನು ಬಹಳ ಹೊತ್ತು ನೋಡುತ್ತಾ ನಿಂತಿದ್ದ. ನಾನು ಏನೂ ಹೇಳಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ.

ಆಮೇಲೆ ಅಜ್ಜಿಯ ಹತ್ತಿರ ಕೂತುಕೋ. ಸಂದರ್ಶನ ಅಂತ ದೊಡ್ಡ ಹೆಸರು ಬೇಡ, ಸುಮ್ನೆ ಮಾತಾಡು. ನಿನ್ನ ಮದುವೆ ಆದಾಗ ವಯಸ್ಸೆಷ್ಟು, ಹುಡುಗನನ್ನು ಯಾರು ನೋಡಿದರು, ನಿನ್ನನ್ನು ಕೇಳಿದರಾ? ತೆರ ಕೊಟ್ಟಿದ್ದರಾ ಅಂತಲೂ ಕೇಳು. ಹಿಂದೆ ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಈಗ ಅದೇ ಮನೆಗಳಲ್ಲಿ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುತ್ತಾರೆ, 1961ರಲ್ಲೇ ಕಾನೂನು ಅದನ್ನು ನಿಷೇಧಿಸಿದ್ದರೂ. ಹಣ ಹರಿಯುವ ದಿಕ್ಕೇ ತಿರುಗಿಬಿಟ್ಟಿತಲ್ಲ, ಅದು ಯಾವಾಗ, ಯಾಕೆ? ಇನ್ನೊಂದು ಪ್ರಶ್ನೆ ಅವ್ವನಿಗೆ. ತವರಿನ ಹೊಲದಲ್ಲಿ ನಿನಗೆ ಪಾಲು ಬಂತಾ? ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದುಪಡಿ ಆಯಿತು. ಕರ್ನಾಟಕ ಅದಕ್ಕೂ ಮುಂಚೆ, 1994ರಲ್ಲೇ ಅಂಥ ಒಂದು ತಿದ್ದುಪಡಿ ತಂದಿತ್ತು. ಆದರೂ ಎಷ್ಟು ಅಕ್ಕತಂಗಿಯರು ಪಾಲು ಕೇಳಿದ್ದಾರೆ? "ಪಾಲು ತಗೊಂಡರೆ ತವರು ತಪ್ಪಿಹೋಗುತ್ತದೆ" ಅನ್ನುವ ಮಾತು ನಿನ್ನ ಕಿವಿಗೂ ಬಿದ್ದಿರುತ್ತದೆ. ಕಾನೂನು ಒಂದು ಹೇಳುತ್ತದೆ, ರೂಢಿ ಇನ್ನೊಂದು ಹೇಳುತ್ತದೆ. ಆ ಎರಡರ ನಡುವಿನ ಜಾಗದಲ್ಲೇ ನಮ್ಮ ವಿಷಯದ ಬಹುಪಾಲು ಕೆಲಸ ಇರುವುದು.

ಮನೆಯಲ್ಲಿ ಮದುವೆ ಮುಯ್ಯಿ ಬರೆದ ಪುಸ್ತಕ ಇದ್ದರೆ ತೆಗೆಸಿ ನೋಡು. ಯಾರು ಎಷ್ಟು ಓದಿಸಿದರು, ಅವರ ಮನೆ ಮದುವೆಗೆ ನಿಮ್ಮವರು ಎಷ್ಟು ಹಾಕಿದರು. ಪ್ರೀತಿಯಿಂದ ಕೊಟ್ಟದ್ದಾದರೆ ಬರೆದಿಡುವುದು ಯಾಕೆ? ಕೊಟ್ಟದ್ದು ತಿರುಗಿ ಕೊಡಲೇಬೇಕು ಅನ್ನುವ ಕಟ್ಟು ಅದರೊಳಗೆ ಇದೆ. ಮಾರ್ಸೆಲ್ ಮೌಸ್ ಅನ್ನುವ ಫ್ರೆಂಚ್ ವಿದ್ವಾಂಸ 1925ರಲ್ಲಿ ದೂರದ ದ್ವೀಪಗಳ ಜನರನ್ನು ಇಟ್ಟುಕೊಂಡು ಇದನ್ನೇ ವಿವರಿಸಿದ್ದರು. ಮುಯ್ಯಾಳು ಅಂತ ಹೊಲಕ್ಕೆ ಹೋಗುವುದೂ ಅದೇ ಕಟ್ಟು. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಅದು ಈಗ ನಿಮ್ಮೂರಲ್ಲಿ ಉಳಿದಿದೆಯಾ, ಇಲ್ಲಾ ಎಲ್ಲಾ ದಿನಗೂಲಿ ಆಗಿದೆಯಾ? ಬರೆದುಕೋ.

ಒಂದು ಎಚ್ಚರಿಕೆ ಮಾತ್ರ ಬೇಕು. ಯಾರದ್ದೇ ಹೆಸರು ನೋಟ್‌ಬುಕ್ಕಿನಲ್ಲಿ ಬರೆಯಬೇಡ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬೇಡ. ನೇರವಾಗಿ ಜಾತಿ ಕೇಳಿಕೊಂಡು ಹೋಗಬೇಡ, ಆ ಪ್ರಶ್ನೆ ಎಷ್ಟೋ ಜನರಿಗೆ ಏಟು ಬಿದ್ದ ಹಾಗಿರುತ್ತದೆ.

ನಿನಗೆ ನಮ್ಮ ನಾಡಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ ಹೇಳಲೇಬೇಕು. ಪಠ್ಯದಲ್ಲಿ ಅವರ ಹೆಸರು ಬಂದಾಗ ನಿನಗೆ ಒಬ್ಬ ಮನುಷ್ಯ ಕಾಣಬೇಕು, ನಾಲ್ಕು ಸಾಲಿನ ಟಿಪ್ಪಣಿ ಅಲ್ಲ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೊಂಬಾಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಓದಿದರು, ಆಮೇಲೆ ಆಕ್ಸ್‌ಫರ್ಡಿಗೆ ಹೋದರು. ಕೊಡವರ ಬಗ್ಗೆ ಅವರು ಬರೆದದ್ದು 1952ರಲ್ಲಿ ಬಂತು. 'ಒಕ್ಕ' ಅನ್ನುವ ಕೊಡವರ ಮನೆತನ ಹೇಗೆ ನಡೆಯುತ್ತದೆ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಸಂಸ್ಕೃತೀಕರಣ ಅನ್ನುವ ಪದ ಹೆಸರಾದದ್ದು ಅಲ್ಲಿಂದಲೇ. ಕೆಲವು ಪುಸ್ತಕಗಳಲ್ಲಿ ಸಂಸ್ಕೃತಾನುಕರಣ ಅಂತಲೂ ಇರುತ್ತದೆ, ಎರಡೂ ಒಂದೇ. ಕೆಳಗೆ ಇಡಲ್ಪಟ್ಟ ಒಂದು ಜಾತಿ ಮೇಲಿನವರ ಆಚಾರ, ಊಟ, ಪೂಜೆ ಅನುಸರಿಸಿ ತನ್ನ ಸ್ಥಾನ ಏರಿಸಿಕೊಳ್ಳಲು ಮಾಡುವ ಪ್ರಯತ್ನಕ್ಕೆ ಅವರು ಆ ಹೆಸರು ಕೊಟ್ಟರು.

1948ರಲ್ಲಿ ಅವರು ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಊರಿನವರ ಗುಟ್ಟು ಕಾಯಲು ಅದಕ್ಕೆ ರಾಂಪುರ ಅಂತ ಬೇರೆ ಹೆಸರಿಟ್ಟರು. ಪ್ರಬಲ ಜಾತಿ ಅನ್ನುವ ವಿಚಾರ ಬೆಳೆದದ್ದು ಅಲ್ಲಿ ಕಂಡದ್ದರಿಂದ. ಊರಿನ ಮೇಲೆ ಹಿಡಿತ ಇದ್ದದ್ದು ಎಲ್ಲರಿಗಿಂತ ಮೇಲಿನ ಜಾತಿಯವರಿಗಲ್ಲ, ಜಮೀನೂ ಜನಬಲವೂ ಎರಡೂ ಇದ್ದ ಒಕ್ಕಲಿಗರಿಗೆ. ವರ್ಷಗಟ್ಟಲೆ ವಿಂಗಡಿಸಿ ಬರೆದಿಟ್ಟ ಟಿಪ್ಪಣಿಗಳನ್ನು ತಗೊಂಡು ಅವರು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿದ್ದಾಗ, 1970ರ ಏಪ್ರಿಲ್‌ನಲ್ಲಿ ಯಾರೋ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. 1976ರಲ್ಲಿ ಆ ಪುಸ್ತಕ ಬಂತು.

ನನಗೆ ಈ ಕತೆಯಲ್ಲಿ ಬೆಂಕಿಗಿಂತ ಮುಖ್ಯ ಅನ್ನಿಸುವುದು ಬೇರೆ. ಶ್ರೀನಿವಾಸರು ಬ್ರಾಹ್ಮಣರು, ಊರಿನ ಮುಖಂಡರ ಆಸರೆಯಲ್ಲಿ ಇದ್ದವರು. ಊರಿನವರು ಅವರನ್ನು ಹಾಗೇ ನಡೆಸಿಕೊಂಡರು. ಅದರಿಂದ ತನ್ನ ನೋಟ ಮೇಲುಜಾತಿಯವನ ನೋಟವಾಯಿತು ಅಂತ ಅವರೇ ಒಪ್ಪಿಕೊಂಡರು. ನೀನು ಹುಡುಗಿ. ನಳದ ಹತ್ತಿರದ ಮಾತು, ಅಡುಗೆಮನೆಯ ಮಾತು, ಸ್ತ್ರೀಶಕ್ತಿ ಸಂಘದ ಸಭೆಯ ಮಾತು ನಿನ್ನ ಕಿವಿಗೆ ಬೀಳುತ್ತವೆ. ಶ್ರೀನಿವಾಸರಿಗೆ ಅವು ಸುಲಭಕ್ಕೆ ಸಿಗುವಂಥವಲ್ಲ. ಹಾಗೆಯೇ ಹೋಟೆಲಿನ ಕಟ್ಟೆಯ ಮೇಲೆ ಗಂಡಸರು ರಾಜಕೀಯ ಮಾತಾಡುವುದು ನಿನಗೆ ಪೂರಾ ಕೇಳಿಸುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೋ: ನಾನು ಎಲ್ಲಿ ನಿಂತು ನೋಡುತ್ತಿದ್ದೇನೆ, ನನಗೆ ಏನು ಕಾಣುವುದಿಲ್ಲ. ಎಂಎ ಓದುವವರೂ ಎಷ್ಟೋ ಸಲ ಈ ಪ್ರಶ್ನೆ ಕೇಳಿಕೊಳ್ಳುವುದಿಲ್ಲ.

ಇನ್ನೊಬ್ಬರು ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ವಿದ್ವಾಂಸೆ. 1950ರ ದಶಕದಲ್ಲಿ ಮಂಡ್ಯ ಕಡೆಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು, 1962ರಲ್ಲಿ ಪ್ರಕಟಿಸಿದರು. ಒಂದು ಹಳ್ಳಿಗೆ ನಾಲೆಯ ನೀರು ಬಂದಿತ್ತು, ಕಬ್ಬು ಬೆಳೆಯುತ್ತಿದ್ದರು. ಪಕ್ಕದ ಇನ್ನೊಂದಕ್ಕೆ ನೀರು ಹತ್ತದೆ ಒಣ ಬೇಸಾಯವೇ ಉಳಿದಿತ್ತು. ಯಾವ ಊರಲ್ಲಿ ಜನರ ನಡುವಿನ ಸಂಬಂಧ ಜಾಸ್ತಿ ಬದಲಾಗಿರಬಹುದು? ಉತ್ತರ ಓದುವ ಮುಂಚೆ ನಿನ್ನ ಊಹೆ ಬರೆದಿಡು. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು ನೀರು ಬಂದ ಊರು ಅನ್ನುತ್ತಾರೆ. ಎಪ್‌ಸ್ಟೀನ್ ಕಂಡದ್ದು ಉಲ್ಟಾ. ನೀರು ಬಂದ ಊರು ಶ್ರೀಮಂತವಾಯಿತು, ಆದರೆ ಬೇಸಾಯವೇ ಮುಂದುವರಿದದ್ದರಿಂದ ಒಡೆಯ ಮತ್ತು ಆಳಿನ ಹಳೆಯ ಸಂಬಂಧಗಳು ಬಹುಪಾಲು ಹಾಗೇ ಉಳಿದವು. ನೀರು ಬಾರದ ಊರಿನವರು ಕೆಲಸ, ವ್ಯಾಪಾರ ಹುಡುಕಿಕೊಂಡು ಹೊರಗೆ ಹೋದರು. ಹೊಸ ಹಣ ಹೊಸ ದಾರಿಯಿಂದ ಬಂತು. ಊರೊಳಗಿನ ಹಳೆಯ ಕಟ್ಟುಗಳು ಸಡಿಲವಾದವು. ಈ ಅಧ್ಯಯನ ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಸಾಮಾನ್ಯ ತಿಳುವಳಿಕೆ ಸಾಕು ಅಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇದೆ. ಅಲ್ಲಿ ದಲಾಲರು ಯಾರು, ಹಮಾಲರು ಯಾರು, ತೊಟ್ಟು ಬಿಡಿಸಲು ಕೂತವರಲ್ಲಿ ಹೆಂಗಸರು ಎಷ್ಟು, ಅವರು ಎಲ್ಲಿಂದ ಬರುತ್ತಾರೆ ಅಂತ ಒಂದು ದಿನ ಅಪ್ಪನ ಜೊತೆ ಹೋದಾಗ ನೋಡು. ಅರ್ಥಶಾಸ್ತ್ರದ ಮೇಷ್ಟ್ರು ಬೆಲೆ ಹೇಳುತ್ತಾರೆ. ಯಾವ ಕೆಲಸಕ್ಕೆ ಯಾರು ಕೂರುತ್ತಾರೆ ಅನ್ನುವುದು ನಮ್ಮ ಪ್ರಶ್ನೆ.

ಅಂಕಿಅಂಶ ಕಂಡರೆ ಹೆದರಬೇಡ. ಒಂದು ಲೆಕ್ಕ ಮಾಡಿ ನೋಡು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 1000 ಗಂಡಸರಿಗೆ 973 ಹೆಂಗಸರಿದ್ದರು. ಉಡುಪಿ ಜಿಲ್ಲೆಯಲ್ಲಿ 1094, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಯಾಕೆ ಇಷ್ಟು ಅಂತರ? ತುಳುನಾಡಿನಲ್ಲಿ ಅಳಿಯಕಟ್ಟು ಇತ್ತು, ಆಸ್ತಿ ತಾಯಿಯ ಕಡೆಯಿಂದ ಹೋಗುತ್ತಿತ್ತು, ಹೆಣ್ಣಿಗೆ ಬೆಲೆ ಇತ್ತು, ಅದಕ್ಕೇ ಅಂತ ಕೆಲವರು ಥಟ್ಟನೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕ ತೆಗೆದರೆ ಎರಡು ಜಿಲ್ಲೆಗಳ ನಡುವೆ ಈ ಭಾರಿ ಅಂತರ ಇಲ್ಲ. ಅಂದರೆ ಮುಖ್ಯ ಕಾರಣ ಹುಟ್ಟಿನಲ್ಲಿ ಇಲ್ಲ, ವಲಸೆಯಲ್ಲಿ ಇದೆ. ಉಡುಪಿಯ ಗಂಡಸರು ಮುಂಬೈಗೆ, ಕೊಲ್ಲಿ ದೇಶಗಳಿಗೆ ದುಡಿಯಲು ಹೋದರು. ಬೆಂಗಳೂರಿಗೆ ಎಲ್ಲಾ ಕಡೆಯಿಂದ ಗಂಡಸರು ಬಂದರು. ಮೊದಲು ಹೊಳೆದ ಕಾರಣವೇ ಸರಿ ಅಂದುಕೊಳ್ಳದೆ ಇನ್ನೊಂದು ಅಂಕಿ ಇಟ್ಟು ನೋಡುವುದನ್ನು ಈಗಿನಿಂದಲೇ ರೂಢಿ ಮಾಡಿಕೊಂಡರೆ ದ್ವಿತೀಯ ಪಿಯುಸಿಯ ಜನಸಂಖ್ಯೆಯ ಪಾಠ ನಿನಗೆ ನೀರು ಕುಡಿದಷ್ಟು ಸಲೀಸು.

ಓದುವುದಕ್ಕೆ ಏನೂ ಇಲ್ಲವಾ ಅಂತ ಕೇಳಬಹುದು. ಇದೆ, ಅದು ನಿಮ್ಮ ಮನೆಯಲ್ಲೇ ಇದೆ. ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕ ಮಾರಿಲ್ಲ ತಾನೇ? ಅದರಲ್ಲಿ ಸಮಾಜಶಾಸ್ತ್ರದ ಪಾಠಗಳಿದ್ದವು. ಸಾಮಾಜಿಕ ಸ್ತರವಿನ್ಯಾಸ, ದುಡಿಮೆ, ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳು. ಪರೀಕ್ಷೆಗೆ ಅಂತ ಓಡಿಸಿದ್ದನ್ನು ಈಗ ನಿಧಾನಕ್ಕೆ ಓದು. ಅಪ್ಪಿಕೋ ಚಳವಳಿ ಅಂತ ಬಂದರೆ, ಅದು 1983ರಲ್ಲಿ ನಿಮ್ಮ ಪಕ್ಕದ ಉತ್ತರ ಕನ್ನಡದ ಸಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಶುರುವಾದದ್ದು ಅಂತ ಮ್ಯಾಪಿನಲ್ಲಿ ಹುಡುಕಿ ನೋಡು.

ಚಿಂತಕರ ಹೆಸರುಗಳನ್ನು ಈಗ ಉರು ಹೊಡೆಯಬೇಡ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ನೆನಪಿದ್ದರೆ ಸಾಕು. ಆಗಸ್ಟ್ ಕಾಂಟ್ ಈ ಶಾಸ್ತ್ರಕ್ಕೆ ಹೆಸರು ಕೊಟ್ಟವರು. ಸಮಾಜವನ್ನೂ ವಿಜ್ಞಾನದ ಹಾಗೆ ಅಭ್ಯಾಸ ಮಾಡಬಹುದಾ ಅಂತ ಕೇಳಿದರು. ಕಾರ್ಲ್ ಮಾರ್ಕ್ಸ್ ಕೇಳಿದ್ದು, ದುಡಿಯುವವರು ಯಾರು, ಅದರ ಫಲ ಯಾರ ಕೈಗೆ ಹೋಗುತ್ತದೆ? ಎಮಿಲ್ ಡರ್ಕೈಮ್ ಕೇಳಿದ್ದು, ಜನರನ್ನು ಒಟ್ಟಿಗೆ ಹಿಡಿದಿಡುವುದು ಯಾವುದು? ಆತ್ಮಹತ್ಯೆಯಂಥ ತೀರಾ ಒಬ್ಬಂಟಿ ಸಂಕಟದ ಹಿಂದೆಯೂ ಜನರ ನಡುವಿನ ನಂಟು ಸಡಿಲವಾಗಿರುವುದನ್ನು ಅವರು 1897ರಲ್ಲಿ ಅಂಕಿಅಂಶ ಇಟ್ಟು ತೋರಿಸಿದರು. ಮ್ಯಾಕ್ಸ್ ವೆಬರ್ ಕೇಳಿದ್ದು, ಜನ ತಾವು ಮಾಡುವ ಕೆಲಸಕ್ಕೆ ತಾವೇ ಏನು ಅರ್ಥ ಕೊಡುತ್ತಾರೆ? ಉಳಿದದ್ದನ್ನು ನಿಮ್ಮ ಉಪನ್ಯಾಸಕರು ಹೇಳುತ್ತಾರೆ.

ಕ್ಲಾಸಿನ ಬಗ್ಗೆ ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಜಾತಿ, ಅಸ್ಪೃಶ್ಯತೆ, ಮೀಸಲಾತಿ ಪಾಠ ಬಂದ ದಿನ ನಿನ್ನ ಪಕ್ಕದಲ್ಲಿ ಕೂತ ಗೆಳತಿಗೆ ಅದು ಪಾಠ ಅಲ್ಲ, ಅವಳ ಮನೆಯ ವಿಷಯ ಆಗಿರಬಹುದು. ಅಥವಾ ನಿನ್ನ ಮನೆಯದ್ದೇ ಆಗಿರಬಹುದು. ಯಾರಾದರೂ ತಮ್ಮ ಅನುಭವ ಹೇಳಿದಾಗ "ನಮ್ಮೂರಲ್ಲಿ ಹಾಗಿಲ್ಲ" ಅಂತ ತಕ್ಷಣ ಬಾಯಿ ಹಾಕಬೇಡ. ಪೂರ್ತಿ ಕೇಳು. ಹಾಗಂತ ಸಮಾಜಶಾಸ್ತ್ರ ಓದುವವರು ತಪ್ಪನ್ನು ತಪ್ಪು ಅನ್ನಬಾರದು ಅಂತಲ್ಲ. ಅನ್ಯಾಯ ಕಂಡರೆ ನಿನಗೆ ಸಿಟ್ಟು ಬರಲಿ, ಬರಲೇಬೇಕು. ಅದು ಹೇಗೆ ನಡೆಯುತ್ತದೆ, ಯಾರಿಗೆ ಲಾಭ, ಯಾಕೆ ಇಷ್ಟು ದಿನ ಉಳಿದಿದೆ ಅಂತ ತಿಳಿದುಕೊಂಡ ಮೇಲೆ ಬರುವ ಸಿಟ್ಟಿಗೆ ಬಲ ಜಾಸ್ತಿ.

ಪರೀಕ್ಷೆ ವಿಷಯ ಚುಟುಕಾಗಿ. ಈಗ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಅದರಲ್ಲಿ ಪ್ರಾಜೆಕ್ಟೂ ಸೇರುತ್ತದೆ. ನಿನ್ನ ನೋಟ್‌ಬುಕ್ಕಿನ ಯಾವುದೇ ಒಂದು ಪುಟ ಬೆಳೆಸಿದರೆ ಪ್ರಾಜೆಕ್ಟ್ ಆಗುತ್ತದೆ. ಯಾರದ್ದೋ ಹಳೆಯ ಪ್ರಾಜೆಕ್ಟ್ ನಕಲು ಮಾಡುವ ಗತಿ ಬರುವುದಿಲ್ಲ. ತಲೆಗೆ ತೋಚಿದ್ದು ಬರೆದರೆ ಪಾಸಾಗಬಹುದು, ಒಳ್ಳೆಯ ಅಂಕ ಬರುವುದಿಲ್ಲ. ದೊಡ್ಡ ಪ್ರಶ್ನೆಗಳಿಗೆ ವ್ಯಾಖ್ಯೆ ಬೇಕು, ಲಕ್ಷಣಗಳು ಬೇಕು, ಒಂದು ಗಟ್ಟಿ ಉದಾಹರಣೆ ಬೇಕು. ಗೈಡ್ ಓದಿದವರೆಲ್ಲರ ಉದಾಹರಣೆ ಒಂದೇ ಇರುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ಸ್ವಂತ ಉದಾಹರಣೆ ಕಂಡರೆ ನಾನು ಒಂದು ಕ್ಷಣ ನಿಂತು ಓದುತ್ತೇನೆ.

ಸೋದರಮಾವನಿಗೆ ಏನು ಹೇಳುವುದು? ನೇರವಾಗಿ ಹೇಳು. ಪಿಯುಸಿ ಸಮಾಜಶಾಸ್ತ್ರ ಒಂದರಿಂದಲೇ ಯಾವ ನೌಕರಿಯೂ ಸಿಗುವುದಿಲ್ಲ. ಭೌತಶಾಸ್ತ್ರ ಒಂದರಿಂದಲೂ ಸಿಗುವುದಿಲ್ಲ. ಬಿಎ, ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಬಹುದು. ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡಿ ಆಸ್ಪತ್ರೆ, ಮಕ್ಕಳ ರಕ್ಷಣೆ, ಗ್ರಾಮೀಣ ಅಭಿವೃದ್ಧಿಯ ಕೆಲಸಕ್ಕೆ ಹೋಗಬಹುದು. ಪಿಯುಸಿ ಆದಮೇಲೆ ಐದು ವರ್ಷದ ಕಾನೂನು ಪದವಿಯೂ ಇದೆ, ಅಲ್ಲಿ ಸಮಾಜಶಾಸ್ತ್ರ ಬಹಳ ಉಪಯೋಗಕ್ಕೆ ಬರುತ್ತದೆ. ಯುಪಿಎಸ್‌ಸಿ ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ತಗೊಳ್ಳುವವರು ಎಷ್ಟೋ ಜನ. ಎಂಎ ಮಾಡಬೇಕೆಂದರೆ ಧಾರವಾಡ ನಿಮಗೆ ದೂರ ಇಲ್ಲ. ಇಷ್ಟು ಹೇಳಿದ ಮೇಲೆ, ಅತ್ತೆ ಮಾವ ಅನ್ನುವ ಪದಗಳ ವಿಷಯ ಅವರಿಗೇ ವಿವರಿಸು. ಅವರು ತಾವು ಮದುವೆ ಮಾಡಿಸಿದ, ತಪ್ಪಿಹೋದ ಸಂಬಂಧಗಳ ಕತೆ ಶುರು ಮಾಡುತ್ತಾರೆ. ನೋಟ್‌ಬುಕ್ ಕೈಯಲ್ಲಿರಲಿ.

ಜೂನ್‌ನಲ್ಲಿ ಮೊದಲ ಕ್ಲಾಸಿಗೆ ಹೋಗುವಾಗ ಆ ನೋಟ್‌ಬುಕ್ಕಿನಲ್ಲಿ ಉತ್ತರ ಸಿಗದ ಎರಡು ಮೂರು ಪ್ರಶ್ನೆಗಳಿದ್ದರೆ ನಿನ್ನ ತಯಾರಿ ಆಯಿತು ಅಂತ ತಿಳಿ. ಅವನ್ನು ಉಪನ್ಯಾಸಕರಿಗೆ ಕೇಳು, ನಾಚಿಕೆ ಪಡಬೇಡ. ಗೈಡ್ ಬೇಕೇ ಬೇಕು ಅನ್ನಿಸಿದರೆ ಡಿಸೆಂಬರ್‌ನಲ್ಲಿ ತಗೋ.